ಹಿಮಕ್ಕೆ ಖಾತರಿ ಕೇಳುವವರಿಗೆ

ನಮ್ಮ ಬಡಾವಣೆಯ ಪ್ರವಾಸದ ಆಫೀಸಿನವರು ಮನೆಮನೆಗೆ ಹಂಚಿದ ಬಣ್ಣದ ಕರಪತ್ರವೊಂದು ಹದಿನೈದು ದಿನಗಳಿಂದ ನಮ್ಮ ಊಟದ ಮೇಜಿನ ಮೇಲೆ ಬಿದ್ದಿದೆ. ಅದರಲ್ಲಿ ಕೆಂಪು ಜರ್ಕಿನ್ ತೊಟ್ಟ ಹುಡುಗಿಯೊಬ್ಬಳು ಕಾಲಿಗೆ ಎರಡು ಹಲಗೆ ಕಟ್ಟಿಕೊಂಡು ಬೆಳ್ಳನೆಯ ಇಳಿಜಾರಿನಲ್ಲಿ ಜಾರುತ್ತಿದ್ದಾಳೆ. ಅವಳ ಕಾಲ ಕೆಳಗೆ ದಪ್ಪಕ್ಷರದಲ್ಲಿ, "ಔಲಿ: ನವೆಂಬರ್ ವಿಶೇಷ. ನಾಲ್ಕು ರಾತ್ರಿ, ಐದು ಹಗಲು. ಹಿಮ ಗ್ಯಾರಂಟಿ" ಎಂದು ಅಚ್ಚಾಗಿದೆ. ನನ್ನ ಜಗಳವಿರುವುದು ಆ ಹುಡುಗಿಯೊಡನೆ ಅಲ್ಲ. ಕೊನೆಯ ಎರಡು ಪದಗಳೊಡನೆ.

ಗ್ಯಾರಂಟಿ ಎಂಬ ಮಾತು ಪ್ರೆಷರ್ ಕುಕ್ಕರಿಗೆ ಸಲ್ಲುತ್ತದೆ, ಕೈಗಡಿಯಾರಕ್ಕೆ ಸಲ್ಲುತ್ತದೆ. ಆಕಾಶದಿಂದ ಬೀಳಬೇಕಾದದ್ದಕ್ಕೆ ನೆಲದ ಮೇಲಿನ ಆಫೀಸೊಂದು ಖಾತರಿ ಬರೆದುಕೊಡುವುದೆಂದರೇನು? ಹೋಗಿ ಕೇಳಿಯೇಬಿಡೋಣವೆಂದು ಕೊಡೆ ಹಿಡಿದು ಹೊರಟೆ. ಅಲ್ಲಿದ್ದ ತರುಣನು ಬಹಳ ವಿನಯವಂತ. "ಸಾರ್, ಹಿಮ ಬೀಳದಿದ್ದರೆ ಮೆಷಿನ್ ಇದೆ, ಅವರೇ ಮಾಡ್ತಾರೆ" ಎಂದ. ಅದೂ ಆಗದಿದ್ದರೆ ಎಂದೆ. "ಹಾಗಿದ್ದರೆ ಹಿಂದಿನ ವರ್ಷದ ಫೋಟೋದಲ್ಲಿ ನಿಮ್ಮ ಮುಖ ಸೇರಿಸಿಕೊಡ್ತೀವಿ" ಎಂದು ನಕ್ಕ. ತಮಾಷೆಗೆ ಅಂದದ್ದೇ ಇರಬೇಕು. ಆದರೆ ನಮ್ಮ ಇಂದಿನ ಪ್ರವಾಸದ ಪೂರ್ತಿ ತತ್ತ್ವವನ್ನು ಅವನು ಒಂದೇ ವಾಕ್ಯದಲ್ಲಿ ಹೇಳಿಬಿಟ್ಟನೆಂದು ನನಗೆ ಅನ್ನಿಸಿತು.

ಹಿಮದ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. ಔಲಿಯಿರುವುದು ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ, ಜೋಶಿಮಠದ ನೆತ್ತಿಯ ಮೇಲೆ, ಸುಮಾರು 8,200 ಅಡಿಯಿಂದ 10,000 ಅಡಿಯವರೆಗೆ ಹಬ್ಬಿದ ಹುಲ್ಲುಗಾವಲಿನಲ್ಲಿ. ಆ ಎತ್ತರದಲ್ಲಿ ಜಾರುವಷ್ಟು ಹಿಮ ಕೂಡುವುದು ಸಾಮಾನ್ಯವಾಗಿ ಡಿಸೆಂಬರಿನ ಕೊನೆಯಿಂದ ಮಾರ್ಚಿಯ ನಡುವಿನವರೆಗೆ. ಜಾರುವುದನ್ನು ಕಲಿಸುವ ತರಗತಿಗಳು ನಡೆಯುವುದೂ ಜನವರಿಯಿಂದ ಮುಂದೆ. ಕಾರ್ತಿಕ ಕಳೆದು ಮಾರ್ಗಶಿರ ಕಾಲಿಡುವ ಹೊತ್ತು, ಅಂದರೆ ಶರದೃತು ಮುಗಿದು ಹೇಮಂತ ಇನ್ನೂ ಬಾಗಿಲಲ್ಲಿ ನಿಂತಿರುವ ಹೊತ್ತು, ಅಲ್ಲಿರುವುದು ಕಂದುಬಣ್ಣಕ್ಕೆ ತಿರುಗಿದ ಹುಲ್ಲು, ಬೆಳಗಿನ ಇಬ್ಬನಿ ಗಟ್ಟಿಯಾದ ಗಾಜಿನಂಥ ಪದರ, ಮೇಲೆ ತೊಳೆದಿಟ್ಟಂಥ ಆಕಾಶ. ಒಂದೊಂದು ವರ್ಷ ನವೆಂಬರಿನಲ್ಲೇ ನಾಲ್ಕು ಬೆರಳು ಬೀಳುವುದುಂಟು. ಎರಡು ದಿನದಲ್ಲಿ ಕರಗುವುದೂ ಉಂಟು. ಈಚೆಗಂತೂ ನಡುಚಳಿಗಾಲವನ್ನೇ ನಂಬುವ ಹಾಗಿಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗದಂಥ ಗುಲ್ಮಾರ್ಗದಲ್ಲೇ ಇಳಿಜಾರುಗಳು ಬೋಳಾಗಿ ನಿಂತಿದ್ದ ಚಿತ್ರವನ್ನು ನೀವೆಲ್ಲರೂ ಪತ್ರಿಕೆಗಳಲ್ಲಿ ನೋಡಿದ್ದೀರಿ. ಔಲಿಯಲ್ಲಿಯೂ ಹಿಮ ಸಾಲದೆ ಸ್ಪರ್ಧೆಗಳು ನಿಂತುಹೋದದ್ದುಂಟು.

ಇನ್ನು ಆ ಮೆಷಿನ್ನು. 2011ರ ಜನವರಿಯಲ್ಲಿ ದಕ್ಷಿಣ ಏಷ್ಯದ ಚಳಿಗಾಲದ ಕ್ರೀಡೆಗಳು ಡೆಹರಾಡೂನು ಮತ್ತು ಔಲಿಗಳಲ್ಲಿ ನಡೆದುವು. ಆ ಸಂಭ್ರಮಕ್ಕೆಂದು ಹಿಮ ಊದುವ ಯಂತ್ರಗಳು ಬಂದವು. ಅವುಗಳಿಗೆ ಕುಡಿಸಲು ಇಳಿಜಾರಿನ ಮೇಲೆ ಒಂದು ಕೃತಕ ಕೊಳವೂ ಆಯಿತು. ನೀರನ್ನು ಸಣ್ಣ ಹನಿಗಳಾಗಿ ಒಡೆದು, ಒತ್ತಿದ ಗಾಳಿಯೊಡನೆ ಮೇಲಕ್ಕೆ ಚಿಮ್ಮಿಸಿ, ಅದು ಕೆಳಗೆ ಬೀಳುವಷ್ಟರಲ್ಲಿ ಹೆಪ್ಪುಗಟ್ಟುವಂತೆ ಮಾಡುವುದು ಈ ಯಂತ್ರದ ಕೆಲಸ. ಗಾಳಿಯೇ ಶೂನ್ಯದ ಆಸುಪಾಸಿಗೆ ಇಳಿಯದಿದ್ದರೆ ಯಂತ್ರವೂ ಕೈಚೆಲ್ಲಬೇಕಾದದ್ದೇ. ಒಂದು ಹೆಕ್ಟೇರು ನೆಲಕ್ಕೆ ಒಂದು ಅಡಿ ದಪ್ಪ ಹಿಮ ಹೊದಿಸಲು ಸುಮಾರು 10 ಲಕ್ಷ ಲೀಟರು ನೀರು ಬೇಕು. 2024ರ ಬೇಸಗೆಯಲ್ಲಿ ನಮ್ಮ ಬೀದಿಗೆ ಬರುತ್ತಿದ್ದ 6,000 ಲೀಟರಿನ ಟ್ಯಾಂಕರಿನ ಹಿಂದೆ ಕೊಡಪಾನ ಹಿಡಿದು ಓಡಿದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ: ನೂರ ಅರವತ್ತಾರು ಟ್ಯಾಂಕರು. ಯಾತಕ್ಕೆ? ನಮ್ಮ ಮೊಮ್ಮಕ್ಕಳು ನವೆಂಬರಿನಲ್ಲೇ ಬೆಳ್ಳಗಿರುವುದರ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳಲಿ ಎಂದು.

ನೀರು ದುಬಾರಿ ಎಂಬುದಷ್ಟೇ ನನ್ನ ತಕರಾರಾಗಿದ್ದರೆ ಈ ಲೇಖನವನ್ನು ಬರೆಯುತ್ತಿರಲಿಲ್ಲ. ಆ ಇಳಿಜಾರಿನ ಕೆಳಗೆ ಒಂದು ಊರಿದೆ.

ಜೋಶಿಮಠವೆಂಬ ಆ ಊರು ಕನ್ನಡಿಗರಿಗೆ ತೀರ ಪರಕೀಯವಲ್ಲ. ಆಚಾರ್ಯ ಶಂಕರರು ಸ್ಥಾಪಿಸಿದರೆಂದು ಸಂಪ್ರದಾಯ ಹೇಳುವ ನಾಲ್ಕು ಮಠಗಳಲ್ಲಿ ತುಂಗೆಯ ದಡದ ನಮ್ಮ ಶೃಂಗೇರಿ ಒಂದು, ಅಲಕನಂದೆಯ ಮೇಲಣ ಜ್ಯೋತಿರ್ಮಠ ಇನ್ನೊಂದು. 2011ರ ಜನಗಣತಿಯಲ್ಲಿ ಆ ಊರಿನ ಜನಸಂಖ್ಯೆ 16,709. ಬದರಿಗೆ ಹೋಗುವವರು, ಹೂಕಣಿವೆಗೆ ಹೋಗುವವರು, ಹೇಮಕುಂಡಕ್ಕೆ ಹೋಗುವವರು, ಔಲಿಗೆ ಹೋಗುವವರು ಎಲ್ಲರೂ ತಂಗಬೇಕಾದದ್ದು ಅಲ್ಲಿಯೇ. ಎಲ್ಲರಿಗೂ ಕೋಣೆ ಬೇಕು, ಕೋಣೆಗೆ ಅಂಟಿಕೊಂಡ ಸ್ನಾನದ ಮನೆ ಬೇಕು, ಬಿಸಿನೀರು ಬೇಕು. ಬಳಸಿದ ನೀರು ಎಲ್ಲಿಗೆ ಹೋಗಬೇಕು? ಸರಿಯಾದ ಚರಂಡಿಯಿಲ್ಲದ ಊರಿನಲ್ಲಿ ಅದು ಹೋಗುವುದು ನೆಲದೊಳಕ್ಕೆ. ಆ ನೆಲವೋ ಬಂಡೆಯಲ್ಲ. ಎಂದೋ ಜರಿದು ಬಿದ್ದ ಬೆಟ್ಟದ ಕಲ್ಲು, ಮಣ್ಣು, ಮರಳುಗಳ ರಾಶಿ. ಆ ರಾಶಿಯ ಮೇಲೆ ಊರು ಕೂತಿದೆ.

ಇದು ಯಾರಿಗೂ ತಿಳಿಯದಿದ್ದ ಗುಟ್ಟೇನಲ್ಲ. 1976ರಲ್ಲಿಯೇ, ಗಢವಾಲದ ಕಮಿಷನರಾಗಿದ್ದ ಮಹೇಶಚಂದ್ರ ಮಿಶ್ರರ ಅಧ್ಯಕ್ಷತೆಯ ಸಮಿತಿ ಬರೆದಿಟ್ಟಿತು: ಇದು ಗಟ್ಟಿ ನೆಲವಲ್ಲ, ಇಲ್ಲಿ ಭಾರಿ ಕಟ್ಟಡ ಕೂಡದು, ಸಿಡಿಮದ್ದು ಹಾರಿಸಕೂಡದು, ಇಳಿಜಾರಿನ ಮರಗಳಿಗೆ ಕೊಡಲಿ ತಾಗಕೂಡದು. ವರದಿಗಳಿಗೆ ನಮ್ಮ ದೇಶದಲ್ಲಿ ಸಿಗುವ ಗೌರವ ಅದಕ್ಕೂ ಸಿಕ್ಕಿತು, ಕಪಾಟಿನಲ್ಲಿ ಕೂತಿತು. 2009ರ ಡಿಸೆಂಬರಿನಲ್ಲಿ ಜಲವಿದ್ಯುತ್ ಯೋಜನೆಯ ಸುರಂಗ ಕೊರೆಯುವ ಯಂತ್ರವು ಬೆಟ್ಟದೊಳಗಿನ ನೀರಿನ ಒರತೆಯೊಂದನ್ನು ತೂತುಮಾಡಿತು. ಸೆಕೆಂಡಿಗೆ 700, 800 ಲೀಟರಿನಂತೆ ನೀರು ಹರಿದುಹೋಯಿತು. 2021ರ ಫೆಬ್ರವರಿ 7ರಂದು ಋಷಿಗಂಗೆ, ಧೌಲಿಗಂಗೆಗಳು ಹುಚ್ಚು ಹೊಳೆಗಳಾಗಿ ಇಳಿದು ಬಂದು ಇನ್ನೂರಕ್ಕೂ ಹೆಚ್ಚು ಜನರನ್ನು ನುಂಗಿದುವು. 2023ರ ಜನವರಿಯ ಮೊದಲ ವಾರ ಜೋಶಿಮಠದ ಮನೆಗಳೇ ಬಾಯಿಬಿಟ್ಟುವು. ಉಪಗ್ರಹದ ಚಿತ್ರಗಳನ್ನು ಅಳೆದು ನೋಡಿದ ನಮ್ಮ ಬಾಹ್ಯಾಕಾಶ ಸಂಸ್ಥೆಯವರು, 2022ರ ಡಿಸೆಂಬರ್ 27ರಿಂದ 2023ರ ಜನವರಿ 8ರವರೆಗಿನ ಹನ್ನೆರಡು ದಿನಗಳಲ್ಲಿ ನೆಲ 5.4 ಸೆಂಟಿಮೀಟರು ಕುಸಿದಿದೆ ಎಂದರು. ಎಂಟು ನೂರಕ್ಕೂ ಹೆಚ್ಚು ಕಟ್ಟಡಗಳಲ್ಲಿ ಬಿರುಕು. ವಾಸಕ್ಕೆ ಯೋಗ್ಯವಲ್ಲದ ಮನೆಗಳ ಗೋಡೆಗೆ ಕೆಂಪು ಬಣ್ಣದಲ್ಲಿ ಅಡ್ಡಗೆರೆ ಎಳೆದು ಗುರುತು ಹಾಕಿದರು. ಔಲಿಗೆ ಜನರನ್ನು ಹೊತ್ತೊಯ್ಯುತ್ತಿದ್ದ, ಸುಮಾರು ನಾಲ್ಕು ಕಿಲೋಮೀಟರು ಉದ್ದದ ಹೆಸರಾಂತ ರೋಪ್‌ವೇ ಅದೇ ತಿಂಗಳು ನಿಂತಿತು. ಸುರಂಗ ಕಾರಣವೆಂದರು ಊರಿನವರು. ಅಲ್ಲವೆಂದಿತು ಯೋಜನೆಯ ಕಂಪನಿ. ಆ ವ್ಯಾಜ್ಯದಲ್ಲಿ ತೀರ್ಪು ಕೊಡಲು ನಾನು ಭೂವಿಜ್ಞಾನಿಯಲ್ಲ. ಆದರೆ ಹೋಟೆಲಿನ ಮೇಲೆ ಹೋಟೆಲು ಏರಿದ್ದೂ, ನೆಲಕ್ಕಿಳಿದ ಕೊಳಚೆ ನೀರೂ ಈ ಪಾಪದಲ್ಲಿ ಪಾಲುದಾರರು ಎಂಬುದನ್ನು ಯಾರೂ ಅಲ್ಲಗಳೆದಂತೆ ಕಾಣಲಿಲ್ಲ.

ಆ ಪಾಪದ ಒಂದು ಚೂರು ನನ್ನ ಲೆಕ್ಕಕ್ಕೂ ಬರಬೇಕು. 2017ರ ಡಿಸೆಂಬರಿನ ಮೊದಲ ವಾರ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗಿದ್ದೆವು. ಇಂಥದೇ ಒಂದು ಕರಪತ್ರವನ್ನು ನಂಬಿ ಹೋದದ್ದು. ನಾಲ್ಕು ಅಂತಸ್ತಿನ ಹೋಟೆಲು. ಮೂರನೆಯ ಅಂತಸ್ತಿನ ಕೋಣೆ. ಕೋಣೆಗೆ ಎರಡು ಹೀಟರು. ಬೆಳಗ್ಗೆ ನಾಲ್ಕು ಬಕೆಟು ಬಿಸಿನೀರು, ಸಂಜೆ ಎರಡು. ಮೂರನೆಯ ದಿನ ಬೆಳಗ್ಗೆ ನಲ್ಲಿಯಲ್ಲಿ ನೀರು ಬರಲಿಲ್ಲ. ಔಲಿಯಲ್ಲೋ ಹಿಂದಿನ ದಿನ ಹಿಮವಿರಲಿಲ್ಲ. ಎರಡು ಕೋಪಗಳನ್ನೂ ಒಟ್ಟುಗೂಡಿಸಿ ನಾನು ಕೋಣೆಯ ಹುಡುಗನ ಮೇಲೆ ಹರಿಹಾಯ್ದೆ. "ಇಷ್ಟು ದುಡ್ಡು ಕೊಟ್ಟು ಬಂದಿದ್ದೇವೆ, ಹಿಮವೂ ಇಲ್ಲ, ನೀರೂ ಇಲ್ಲ, ಏನಿದೆ ನಿಮ್ಮೂರಲ್ಲಿ?" ಎಂದು ನನಗೆ ಬಂದಷ್ಟು ಹಿಂದಿಯಲ್ಲಿ ಕೂಗಾಡಿದೆ. ಅವನು ಒಂದು ಮಾತೂ ಎದುರಾಡದೆ ಕೆಳಗಿನ ಬೀದಿಯ ನಲ್ಲಿಯಿಂದ ಎರಡು ಬಕೆಟು ಹೊತ್ತು ತಂದು ಇಟ್ಟು, "ಬಾಬೂಜಿ, ಹಿಮ ಮುಂದಿನ ತಿಂಗಳು ಬರುತ್ತೆ" ಎಂದ. ನಮ್ಮೂರ ಜಾತ್ರೆಗೆ ಮೊದಲೇ ಬಂದು ತೇರೆಲ್ಲಿ ಎಂದು ಕೇಳುವವನಿಗೆ ಹೇಳುವ ಹಾಗೆ, ಅಷ್ಟೇ ಸಹಜವಾಗಿ ಹೇಳಿದ.

ಆ ದಿನ ಬೇರೆ ಕೆಲಸವಿಲ್ಲದೆ ಊರ ಹೊರಗಿನ ಕಾಲುದಾರಿ ಹಿಡಿದು ನಡೆದೆವು. ನನ್ನವಳು ಇದ್ದಕ್ಕಿದ್ದ ಹಾಗೆ ನಿಂತು, "ಏನೂಂದ್ರೆ, ಹುರುಳಿ ಬೇಯಿಸ್ತಿದ್ದಾರೆ" ಎಂದಳು. ಹಿಮಾಲಯದಲ್ಲಿ ಹುರುಳಿಯೆ! ನಾನು ನಕ್ಕೆ. ಆದರೆ ಅಡಿಗೆಮನೆಯ ವಿಷಯದಲ್ಲಿ ಅವಳ ಮೂಗು ತಪ್ಪಿದ್ದನ್ನು ನಾನು ಕಂಡಿಲ್ಲ. ಕಲ್ಲುಹಾಸಿನ ಅಂಗಳದಲ್ಲಿ ಮುದುಕಿಯೊಬ್ಬಳು ಒಲೆಯ ಮೇಲೆ ಪಾತ್ರೆಯಿಟ್ಟಿದ್ದಳು. ಅವರಲ್ಲಿ ಹುರುಳಿಗೆ ಗಹತ್ ಎಂದು ಹೆಸರು. ಮೂತ್ರಪಿಂಡದ ಕಲ್ಲನ್ನು ಅದು ಕರಗಿಸುತ್ತದೆಂದು ಅಲ್ಲಿಯೂ ನಂಬುತ್ತಾರೆ. ನಮ್ಮ ಅಜ್ಜಿಯೂ ಹಾಗೆಯೇ ಹೇಳುತ್ತಿದ್ದಳು. ಪಕ್ಕದಲ್ಲಿ ತಟ್ಟಿಟ್ಟಿದ್ದ ಕಪ್ಪು ರೊಟ್ಟಿ ಮಂಡುವಾ. ಎಂದರೆ ನಮ್ಮ ರಾಗಿ. ಇವಳಿಗೆ ಹಿಂದಿ ಬಾರದು, ಆಕೆಗೆ ಗಢವಾಲಿ ಬಿಟ್ಟು ಹೆಚ್ಚೇನೂ ಬಾರದು. ಆದರೂ ಇಬ್ಬರೂ ಒಂದು ಗಂಟೆ ಕಾಲ ಮಾತನಾಡಿದರು. ನಾನು ಆ ಅಂಗಳದ ಗೋಡೆಗೆ ಒರಗಿ ಬಿಸಿಲು ಕಾಯಿಸುತ್ತ ನಂದಾದೇವಿಯನ್ನು ನೋಡಿದೆ. 7,816 ಮೀಟರು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಶಿಖರ. ಔಲಿಯಲ್ಲಿ ಹಿಂದಿನ ದಿನ ನಾನು ಅದರ ಎದುರಿಗೇ ನಿಂತಿದ್ದೆ. ಹಿಮವಿಲ್ಲವೆಂಬ ಸಿಟ್ಟಿನಲ್ಲಿ ತಲೆಯೆತ್ತಿ ನೋಡಿಯೇ ಇರಲಿಲ್ಲ.

2023ರ ಜನವರಿಯಲ್ಲಿ ಪತ್ರಿಕೆಯಲ್ಲಿ ಕೆಂಪು ಅಡ್ಡಗೆರೆಯ ಮನೆಗಳನ್ನು ನೋಡಿದಾಗ, ಹೊರಡುವ ದಿನ ಆ ಹುಡುಗ ಬರೆದುಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದೆ. ಆತನಿಗೆ ನನ್ನ ನೆನಪಿರಲಿಲ್ಲ. ಕೂಗಾಡಿದ ಬಾಬೂಜಿಗಳು ಅವನಿಗೆ ನೂರಾರು ಮಂದಿ. ಅವನು ಸಂಸಾರ ಸಮೇತ ಶಾಲೆಯೊಂದರ ಕೋಣೆಯಲ್ಲಿದ್ದ. ಗೋಡೆಯ ಬಿರುಕಿನಲ್ಲಿ ಕೈ ತೂರುತ್ತದೆ ಎಂದ. ಏನಾದರೂ ಬೇಕೆ ಎಂದು ಕೇಳಿದೆ. "ಜನ ಬರೋದೇ ನಿಂತುಹೋಗಿದೆ ಬಾಬೂಜಿ, ಕೆಲಸ ಇಲ್ಲ" ಎಂದ. ಬಂದವರಿಂದ ಅವನ ಊರು ಕುಸಿದಿತ್ತು. ಬಾರದೆ ಹೋದವರಿಂದ ಅವನ ಅನ್ನ ಹೋಗಿತ್ತು. ಈ ಎರಡು ಸತ್ಯಗಳನ್ನೂ ಒಂದೇ ಬಾಯಲ್ಲಿ ಹೇಳಿದ ಆ ಯುವಕನಿಗೆ ಏನು ಉತ್ತರ ಕೊಡಬೇಕೆಂದು ಅಂದು ನನಗೆ ತೋಚಲಿಲ್ಲ.

ಹಾಗೆಂದೇ, ಹಿಮದ ಖಾತರಿ ಕೇಳುವವರಿಗಿಂತ ನನಗೆ ಹೆಚ್ಚು ಸಿಟ್ಟು ಬರಿಸುವವರು ಇನ್ನೊಂದು ಪಂಗಡದವರು. ನನ್ನ ಮಿತ್ರರೊಬ್ಬರಿದ್ದಾರೆ, ನಿವೃತ್ತ ಎಂಜಿನಿಯರು, ಬೆಳಗಿನ ವಾಯುಸೇವನೆಯ ಜೊತೆಗಾರರು. ಈ ನವೆಂಬರಿನಲ್ಲಿ ಔಲಿಯ ಕಡೆ ಹೊರಟಿದ್ದೇವೆ ಎಂದೊಡನೆ ಅವರು ಪಾರ್ಕಿನ ನಡುವೆಯೇ ನಿಂತು, "ರಾಯರೇ, ಮುಳುಗುವ ಊರಿಗೆ ಮೋಜಿಗೆ ಹೋಗುವುದೆ? ಮನಸ್ಸಾದರೂ ಹೇಗೆ ಬರುತ್ತದೆ?" ಎಂದರು. ನಾನು ಸುಮ್ಮನಿದ್ದೆ. ಏಕೆಂದರೆ ಈ ವರ್ಷದ ಮೇ ತಿಂಗಳಿನಲ್ಲಿ ಅವರು ಸ್ವಿಟ್ಸರ್ಲೆಂಡಿಗೆ ಹೋಗಿ ಬಂದು, ಅಲ್ಲಿನ ಹಿಮದ ಫೋಟೋಗಳನ್ನು ನನಗೆ ಎರಡು ಸಲ ತೋರಿಸಿದ್ದಾರೆ. ತಾನು ಬಿಡಬೇಕಾಗಿಲ್ಲದ್ದನ್ನು ಬಿಡುವುದು ಬಹಳ ಸುಲಭದ ಸಂನ್ಯಾಸ. ಬೆಟ್ಟಕ್ಕೆ ಹೋಗಬೇಡಿ ಎನ್ನುವವರು, ಹೋಗದೆ ಉಳಿದ ದುಡ್ಡನ್ನು ಬೆಟ್ಟಕ್ಕೆ ಕಳಿಸಿದ ಉದಾಹರಣೆಯನ್ನು ನಾನು ಇನ್ನೂ ಕಂಡಿಲ್ಲ.

ಅಷ್ಟಕ್ಕೂ ಅಲ್ಲಿನ ಹಳ್ಳಿಗಳು ಖಾಲಿಯಾಗುತ್ತಿರುವುದು ಬರೀ ಭೂಕುಸಿತದಿಂದಲ್ಲ. ದುಡಿಮೆಯಿಲ್ಲದೆ, ಶಾಲೆ ಆಸ್ಪತ್ರೆಗಳಿಲ್ಲದೆ ಜನ ಕೆಳಗಿಳಿದು ಬಂದಿದ್ದಾರೆ. ವಲಸೆಯನ್ನು ವಿಚಾರಿಸಲೆಂದೇ ಆ ರಾಜ್ಯ ಮಾಡಿದ ಆಯೋಗವು 2018ರ ತನ್ನ ವರದಿಯಲ್ಲಿ, 2011ರಿಂದೀಚೆಗೆ 734 ಹಳ್ಳಿಗಳಲ್ಲಿ ದೀಪ ಹಚ್ಚುವವರೇ ಇಲ್ಲವಾಗಿದ್ದಾರೆಂದು ಲೆಕ್ಕ ಕೊಟ್ಟಿದೆ. ಮನೆಯ ಎರಡು ಕೋಣೆಗಳನ್ನು ಸಾರಿಸಿ, ಹೊರಗಿನವರಿಗೆ ಊಟ ಹಾಕಿ, ಇದ್ದ ಊರಿನಲ್ಲೇ ಇರುವೆನೆಂದು ಹಟ ಹಿಡಿದಿರುವ ಹೆಂಗಸರು ಅಲ್ಲಿದ್ದಾರೆ. ಅವರ ಮುಂದೆ ನಮ್ಮ ಮಿತ್ರರ ವೈರಾಗ್ಯ ಯಾವ ಉಪಯೋಗಕ್ಕೆ ಬರುತ್ತದೆ?

ನಮ್ಮಲ್ಲಿಯೂ ಇದೇ ಕಥೆಯಲ್ಲವೆ? ಶನಿವಾರ ಬಂತೆಂದರೆ ಮುಳ್ಳಯ್ಯನಗಿರಿಯ ದಾರಿಯಲ್ಲಿ ಕಾರುಗಳ ಸಾಲು. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಜರಿದಾಗ ಒಂದೆರಡು ತಿಂಗಳು ಮರುಕ. ಮತ್ತೆ ಕಾರುಗಳ ಸಾಲು. ಹೋಗುವಾಗಲೂ ಗುಂಪು, ಬಿಡುವಾಗಲೂ ಗುಂಪು.

ನಾನು ಹೇಳುವುದು ಮೂರನೆಯ ದಾರಿ. ಹೋಗಿ, ಆದರೆ ಎಲ್ಲರೂ ಹೋಗುವಾಗ ಹೋಗಬೇಡಿ. ವರ್ಷದ ಕೊನೆಯ ವಾರ ಜೋಶಿಮಠದಿಂದ ಔಲಿಗೇರುವ ರಸ್ತೆಯಲ್ಲಿ ವಾಹನಗಳು ಒಂದರ ಬಾಲ ಒಂದು ಹಿಡಿದು ನಿಲ್ಲುತ್ತವೆ. ಆ ಸಾಲಿನಲ್ಲಿ ಇನ್ನೊಂದಾಗಬೇಡಿ. ಜಾರುವುದನ್ನು ನಿಜವಾಗಿ ಕಲಿಯಬೇಕೆಂಬ ತರುಣರು ಜನವರಿ, ಫೆಬ್ರವರಿಯಲ್ಲಿ, ದೇವರು ಕೊಟ್ಟಷ್ಟು ಹಿಮದಲ್ಲಿ ಹದಿನೈದು ದಿನವಿದ್ದು ಕಲಿಯಲಿ. ಅದರಿಂದ ಬದುಕುವ ಅಲ್ಲಿಯ ಹುಡುಗರಿದ್ದಾರೆ, ಒಳ್ಳೆಯ ಗುರುಗಳು. ಅದಕ್ಕೆ ನನ್ನ ಆಕ್ಷೇಪಣೆಯಿಲ್ಲ. ಆದರೆ ಎರಡು ದಿನದ ಮಟ್ಟಿಗೆ ಜರ್ಕಿನ್ ಬಾಡಿಗೆಗೆ ತಂದು, ಹಿಮವನ್ನು ತುಳಿದು, ಅದರಲ್ಲಿ ಚಿಪ್ಸಿನ ಪೊಟ್ಟಣ ಹೂತು ಬರುವ ನಮ್ಮಂಥವರಿಗೆ ಚಳಿಗಾಲದ ಔಲಿ ಬೇಡ. ಹಣವಂತರ ಕಥೆಯಂತೂ ಬೇರೆಯೇ. 2019ರ ಜೂನಿನಲ್ಲಿ ಸಿರಿವಂತ ಮನೆತನವೊಂದು ಆ ಹುಲ್ಲುಗಾವಲನ್ನೇ ಕಲ್ಯಾಣಮಂಟಪ ಮಾಡಿಕೊಂಡು ಎರಡು ಮದುವೆ ನಡೆಸಿತು. 200 ಕೋಟಿಯ ಮದುವೆಯೆಂದು ಪತ್ರಿಕೆಗಳು ಬರೆದುವು. ಪರಿಸರಕ್ಕೆ ಆಗುವ ನಷ್ಟಕ್ಕೆ ಮೊದಲೇ 3 ಕೋಟಿ ರೂಪಾಯಿ ಠೇವಣಿ ಇಡಿ ಎಂದು ಹೈಕೋರ್ಟೇ ಹೇಳಬೇಕಾಯಿತು. ನೂರಾರು ಕ್ವಿಂಟಲು ಎಂಜಲೆಲೆ ಎತ್ತಿದವರು ಮಾತ್ರ ಊರಿನ ಪೌರಕಾರ್ಮಿಕರು.

ನಮ್ಮ ಏರ್ಪಾಡು ಹೀಗಿದೆ. ಬದರಿಯ ಬಾಗಿಲು ಮುಚ್ಚುವ ದಿನವನ್ನು ಪ್ರತಿವರ್ಷ ವಿಜಯದಶಮಿಯಂದು ಗೊತ್ತುಮಾಡಿ ಸಾರುತ್ತಾರೆ. ಬಹುಮಟ್ಟಿಗೆ ಅದು ನವೆಂಬರಿನ ಎರಡನೆಯ ಅರ್ಧದಲ್ಲಿ ಬರುತ್ತದೆ. 2024ರಲ್ಲಿ ನವೆಂಬರ್ 17 ಆಗಿತ್ತು. ಬಾಗಿಲು ಮುಚ್ಚಿದ ಮೇಲೆ ಉದ್ಧವ ಕುಬೇರರ ಮೂರ್ತಿಗಳು ಪಾಂಡುಕೇಶ್ವರಕ್ಕೂ, ಶಂಕರಾಚಾರ್ಯರ ಗದ್ದುಗೆ ಜೋಶಿಮಠದ ನರಸಿಂಹ ದೇವಾಲಯಕ್ಕೂ ಇಳಿದು ಬರುತ್ತವೆ. ಆ ನರಸಿಂಹನ ಒಂದು ಕೈಯ ಮಣಿಕಟ್ಟು ವರ್ಷವರ್ಷಕ್ಕೂ ಸವೆಯುತ್ತಿದೆಯೆಂದೂ, ಅದು ಮುರಿದ ದಿನ ನರ ನಾರಾಯಣ ಬೆಟ್ಟಗಳು ಕೂಡಿಕೊಂಡು ಬದರಿಯ ದಾರಿ ಮುಚ್ಚಿಹೋಗುವುದೆಂದೂ ಅಲ್ಲಿಯ ಜನ ಹೇಳುತ್ತಾರೆ. ಮಿಶ್ರ ಸಮಿತಿಯ ವರದಿಯನ್ನು ಓದದವರೂ ಈ ಕಥೆಯನ್ನಾದರೂ ಕೇಳಿರಬೇಕು. ದೇವರೇ ಕೆಳಗಿಳಿದ ಮೇಲೆ ಯಾತ್ರಿಕರೂ ಇಳಿಯುತ್ತಾರೆ. ಹೋಟೆಲುಗಳು ಅರ್ಧ ಮುಚ್ಚುತ್ತವೆ. ಬೆಟ್ಟ ಉಸಿರಾಡುವ ಆ ಎರಡು ಮೂರು ವಾರಗಳೇ ನಾನು ಹೇಳುವ ಕಾಲ.

ರೈಲಿನಲ್ಲಿ ದೆಹಲಿ, ಅಲ್ಲಿಂದ ಹೃಷಿಕೇಶ. ಹೃಷಿಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿಲೋಮೀಟರು. ಒಂದೇ ಹಗಲಿನಲ್ಲಿ ಮುಟ್ಟಿಸುತ್ತೇವೆ ಎನ್ನುವವರನ್ನು ನಂಬಬೇಡಿ. ಮುಟ್ಟಿಸುತ್ತಾರೆ, ಆದರೆ ನೀವು ಮನುಷ್ಯರಾಗಿ ಉಳಿದಿರುವುದಿಲ್ಲ. ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗ ಎಲ್ಲ ದಾರಿಯಲ್ಲೇ ಸಿಗುತ್ತವೆ. ನಡುವೆ ಒಂದು ರಾತ್ರಿ ತಂಗಿದರೆ ನದಿ ನದಿಯನ್ನು ಸೇರುವುದನ್ನು ನಾಲ್ಕು ಸಲ ನಿಧಾನವಾಗಿ ನೋಡಬಹುದು. ಚಾರ್‌ಧಾಮ್ ರಸ್ತೆಯನ್ನು ಅಗಲ ಮಾಡಲು ಬೆಟ್ಟದ ಪಕ್ಕೆಯನ್ನು ಹೇಗೆ ಸೀಳಿದ್ದಾರೆಂಬುದನ್ನೂ ಕಿಟಕಿಯಿಂದಲೇ ನೋಡಬಹುದು. ನಾನು ಕಾರು ಮಾಡುತ್ತಿಲ್ಲ, ಬಸ್ಸಿನಲ್ಲಿಯೇ ಹೋಗುವುದು. ಮಂಡಿನೋವಿನ ಹೆಂಡತಿಯನ್ನು ಬಸ್ಸಿನಲ್ಲಿ ಕರೆದೊಯ್ಯುವ ಕಟುಕನೆಂದು ಬೈಯುವವರು ಆಕೆಯನ್ನೇ ಕೇಳಬಹುದು. ಮುಂದಿನ ಸೀಟು ಹಿಡಿಯುವುದರಲ್ಲಿ ಆಕೆ ನನಗಿಂತ ಗಟ್ಟಿಗಳು.

ತಂಗುವುದು ಜೋಶಿಮಠದಲ್ಲಲ್ಲ, ಔಲಿಯಲ್ಲೂ ಅಲ್ಲ. ಧೌಲಿಗಂಗೆಯ ಕಣಿವೆಯ ಕಡೆ ಗಟ್ಟಿ ನೆಲದ ಮೇಲಿರುವ ಒಂದು ಹಳ್ಳಿಯಲ್ಲಿ, ಆರು ದಿನ. ಹಳ್ಳಿಯ ಹೆಸರನ್ನು ಹೇಳುವುದಿಲ್ಲ. ಹೇಳಿದರೆ ಮುಂದಿನ ವರ್ಷ ನೀವೆಲ್ಲರೂ ಅಲ್ಲಿರುತ್ತೀರಿ, ನಾನು ಈ ಲೇಖನ ಬರೆದದ್ದೇ ವ್ಯರ್ಥವಾಗುತ್ತದೆ. ಆ ಕಡೆಗೆ ಅಂಥ ಹಳ್ಳಿಗಳು ಬೇಕಾದಷ್ಟಿವೆ, ಹುಡುಕಿಕೊಳ್ಳಿ. ಎರಡು ಕೋಣೆ, ಹೊರಗೆ ಪಾಯಿಖಾನೆ, ಬೆಳಗ್ಗೆ ತಲೆಗೊಂದು ಬಕೆಟು ಬಿಸಿನೀರು. ಹೀಟರಿಲ್ಲ, ಎರಡೆರಡು ರಜಾಯಿ. ಊಟಕ್ಕೆ ಮಂಡುವಾ ರೊಟ್ಟಿ, ಗಹತ್ತಿನ ಸಾರು, ಝಂಗೋರಾ ಎಂದು ಅವರು ಕರೆಯುವ ನಮ್ಮ ಊದಲಿನ ಪಾಯಸ. ನಮ್ಮ ನಗರಗಳಲ್ಲಿ ಸಿರಿಧಾನ್ಯವೆಂದು ಹೊಳೆಯುವ ಪೊಟ್ಟಣದಲ್ಲಿ ಕೊಳ್ಳುವುದನ್ನು ಅಲ್ಲಿ ಬರೀ ಊಟವೆಂದು ಉಣ್ಣುತ್ತಾರೆ.

ಮಾಡುವುದೇನು ಎಂದು ಸೊಸೆ ಕೇಳಿದಳು. ನೋಡುವುದು, ನಡೆಯುವುದು. ಆ ದಿನಗಳಲ್ಲಿ ಹೆಂಗಸರು ಚಳಿಗಾಲದ ಮೇವಿಗೆಂದು ಕೊಯ್ದ ಹುಲ್ಲನ್ನು ಮರದ ಕೊಂಬೆಗಳ ನಡುವೆ ಬಣವೆ ಒಟ್ಟುತ್ತಾರೆ. ದೂರಕ್ಕೆ ಮರಗಳು ಕಂಬಳಿ ಹೊದ್ದ ಮುದುಕರಂತೆ ಕಾಣುತ್ತವೆ. ನೀತಿ, ಮಾಣಾ ಕಡೆಯ ಎತ್ತರದ ಊರುಗಳ ಭೋಟಿಯಾ ಜನ ಮನೆಗಳಿಗೆ ಬೀಗ ಹಾಕಿ, ಸಂಸಾರ ಸಾಮಾನುಗಳೊಂದಿಗೆ ಚಳಿಗಾಲದ ಊರುಗಳಿಗೆ ಇಳಿದಿರುತ್ತಾರೆ. ವರ್ಷಕ್ಕೆರಡು ಸಲ ಊರಿಗೆ ಊರೇ ವಲಸೆ ಹೋಗಿ ಬರುವುದನ್ನು ನಾವು ಮೂರನೆಯ ತರಗತಿಯ ಪುಸ್ತಕದಲ್ಲಿ ಓದಿದವರು, ಕಂಡವರಲ್ಲ. ತಪೋವನದಲ್ಲಿ ಬಿಸಿನೀರಿನ ಬುಗ್ಗೆಯಿದೆ. ಅಲ್ಲಿಂದ ಮುಂದೆ ರೈಣಿ. 1974ರ ಮಾರ್ಚಿಯಲ್ಲಿ ಗೌರಾದೇವಿಯೂ ಆಕೆಯ ನೆರೆಹೊರೆಯ ಹೆಂಗಸರೂ ಕೊಡಲಿಯ ಎದುರಿಗೆ ಮರಗಳನ್ನು ಕಾದು ನಿಂತ ಹಳ್ಳಿ. ಆ ಚಿಪ್ಕೊ ಕಿಡಿಯೇ 1983ರಲ್ಲಿ ನಮ್ಮ ಶಿರಸಿಯ ಸಾಲ್ಕಣಿಗೆ ಹಾರಿ ಅಪ್ಪಿಕೋ ಆಯಿತು. ಕನ್ನಡಿಗನಾದವನು ಆ ಊರಿನಲ್ಲಿ ಒಂದು ಗಳಿಗೆ ತಲೆಬಾಗಿ ನಿಲ್ಲುವುದಕ್ಕೆ ಹಿಮ ಬೇಕೆ? 2021ರ ಪ್ರವಾಹ ಮೊದಲು ಹೊಕ್ಕದ್ದೂ ಅದೇ ಊರ ಬುಡಕ್ಕೆ. ಔಲಿಗೂ ಒಂದು ದಿನ ಹತ್ತುತ್ತೇವೆ, ಓಕ್ ಮರದ ಕಾಡಿನೊಳಗಿನ ಕಾಲುದಾರಿಯಲ್ಲಿ, ರೊಟ್ಟಿ ಗಂಟು ಕಟ್ಟಿಕೊಂಡು. ಮಂಡಿ ಹಿಡಿದುಕೊಂಡರೆ ಅರ್ಧಕ್ಕೇ ಕೂತು ತಿಂದು ಇಳಿಯುತ್ತೇವೆ.

ದುಡ್ಡಿನ ಮಾತು. ಕರಪತ್ರದವರು ತಲೆಗೆ 38,000 ರೂಪಾಯಿ ಕೇಳಿದರು. ಅದರಲ್ಲಿ ಆ ಬೆಟ್ಟದ ಜನಕ್ಕೆ ಎಷ್ಟು ಹೋಗುತ್ತದೆಂದು ಕೇಳಿದ್ದಕ್ಕೆ ವಿನಯವಂತ ತರುಣ ಮೊದಲ ಬಾರಿಗೆ ಉತ್ತರವಿಲ್ಲದೆ ಗಣಕಯಂತ್ರದ ಕಡೆ ತಿರುಗಿದ. ನಾವು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಖರ್ಚುಮಾಡುತ್ತೇವೆ, ದಿನವನ್ನು ಒಂದೂವರೆ ಪಾಲು ಹೆಚ್ಚು ಇರುತ್ತೇವೆ, ಮತ್ತು ರೈಲು ಬಸ್ಸುಗಳ ಚೀಟಿ ಬಿಟ್ಟು ಉಳಿದದ್ದು ಹೆಚ್ಚುಕಡಿಮೆ ಒಬ್ಬ ಹೆಂಗಸಿನ ಕೈಗೇ ಹೋಗುತ್ತದೆ. ಇದರಿಂದ ಜೋಶಿಮಠ ಉಳಿಯುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ಅದರ ಮೇಲೆ ನಮ್ಮ ಭಾರ ಹೇರಿದಂತಾಗುವುದಿಲ್ಲ.

ಮನೆಯಲ್ಲಿ ವಿರೋಧ ಇನ್ನೂ ಪೂರ್ತಿ ಅಡಗಿಲ್ಲ. ನವೆಂಬರಿನ ಕೊನೆಗೆ ಮೊಮ್ಮಗನ ಶಾಲೆಯಲ್ಲಿ ಪರೀಕ್ಷೆಯಂತೆ. ನಾಲ್ಕನೆಯ ತರಗತಿಯ ಪರೀಕ್ಷೆ! ಅವನ ತಾಯಿ, "ಮಾವ, ದಸರೆಗೆ ರಜ ಇತ್ತು, ಆಗ ಹೋಗಬಹುದಿತ್ತು. ಇಲ್ಲದಿದ್ದರೆ ಕ್ರಿಸ್ಮಸ್ಸಿಗೆ ಹೋಗೋಣ" ಎನ್ನುತ್ತಾಳೆ. ಹಾಗೆ ರಜ ಸಿಕ್ಕಿದ ದಿನವೇ ಎಲ್ಲರೂ ಹೊರಟಿದ್ದರಿಂದಲೇ ಬೆಟ್ಟಕ್ಕೆ ಈ ಗತಿ ಬಂದದ್ದೆಂದು ನಾನು ಶುರುಮಾಡಿದರೆ ಅವಳು ಕುಕ್ಕರಿನ ಕಡೆ ಹೋಗುತ್ತಾಳೆ. ಶಾಲೆಯ ಮುಖ್ಯೋಪಾಧ್ಯಾಯಿನಿಗೆ ಒಂದು ಕಾಗದ ಬರೆದಿದ್ದೇನೆ: ಹುಡುಗ ಹತ್ತು ದಿನ ಬರುವುದಿಲ್ಲ, ಭೂಗೋಳದ ಪರೀಕ್ಷೆಯನ್ನು ಹಿಂತಿರುಗಿದ ಮೇಲೆ ಅವನಿಂದ ಬಾಯಿಯಲ್ಲಿಯೇ ತೆಗೆದುಕೊಳ್ಳಬಹುದು ಎಂದು. ಉತ್ತರ ಬಂದಿಲ್ಲ.

ನಿನ್ನೆ ಆ ಹೋಟೆಲಿನ ಹುಡುಗನಿಗೆ ಮತ್ತೆ ಫೋನ್ ಮಾಡಿದೆ. ಈಗ ಅವನು ಹೋಟೆಲಿನಲ್ಲಿಲ್ಲ. ತಪೋವನದ ದಾರಿಯಲ್ಲಿ ಜೀಪು ಓಡಿಸುತ್ತಾನೆ. ಈ ಸಲ ಹಿಮ ಬೇಡವೆಂದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಏನು ನೋಡೋಕೆ ಬರ್ತೀರಿ ಬಾಬೂಜಿ?" ಎಂದ. ಹುರುಳಿ ಎಂದೆ. ಅವನಿಗೆ ಅರ್ಥವಾಗಲಿಲ್ಲ, ಪಕ್ಕದಲ್ಲಿದ್ದ ಇವಳು ಫೋನ್ ಕಿತ್ತುಕೊಂಡು "ಗಹತ್, ಗಹತ್" ಎಂದು ಕೂಗಿದಳು. ತಲೆಗೊಂದರಂತೆ ಬಿಸಿನೀರಿನ ರಬ್ಬರು ಚೀಲ ತೆಗೆದುಕೊಂಡು ಬರಬೇಕಂತೆ, ರಾತ್ರಿ ಚಳಿ ಬಹಳವಂತೆ. ಚಿಕ್ಕಪೇಟೆಯಲ್ಲಿ ಮೂರು ಸಿಕ್ಕಿವೆ, ಇನ್ನೆರಡು ಬೇಕು.